ಜಡೆ ಹೆಣೆಯುವ ಕುರ್ಚಿಯಲ್ಲಿ ಬಿಪಿ ಮೆಷಿನ್

ನಮ್ಮ ಕಡೆ ಗಂಡಸರು ಕಟಿಂಗ್ ಶಾಪಿಗೆ ಹೋದರೆ ಅರ್ಧ ಗಂಟೆಯಲ್ಲಿ ಎದ್ದು ಬರುತ್ತಾರೆ. ಅಷ್ಟರಲ್ಲೇ ಊರಿನ ರಾಜಕೀಯ, ಯಾರ ಮನೆಯ ಜಗಳ, ಯಾರ ಮಗನಿಗೆ ಕೆಲಸ ಸಿಕ್ಕಿತು ಅನ್ನುವುದೆಲ್ಲ ಮುಗಿದಿರುತ್ತದೆ. ಅಮೆರಿಕದ ಕಪ್ಪು ಹೆಣ್ಣುಮಕ್ಕಳ ಸಲೂನು ಇದರ ಹತ್ತು ಪಟ್ಟು. ತಲೆ ತುಂಬ ಸಣ್ಣ ಸಣ್ಣ ಜಡೆ ಹೆಣೆಸಿಕೊಳ್ಳಬೇಕೆಂದರೆ ನಾಲ್ಕು ಗಂಟೆ, ಆರು ಗಂಟೆ, ಒಮ್ಮೊಮ್ಮೆ ಅದಕ್ಕೂ ಜಾಸ್ತಿ. ಬೆಳಗ್ಗೆ ಕೂತವಳು ಏಳುವಾಗ ಮಧ್ಯಾಹ್ನ ಕಳೆದಿರುತ್ತದೆ. ಹಿಂದೆ ನಿಂತವಳ ಬೆರಳು ತನ್ನ ಪಾಡಿಗೆ ಕೆಲಸ ಮಾಡುತ್ತದೆ, ಬಾಯಿ ತನ್ನ ಪಾಡಿಗೆ. ಮದುವೆ, ಮುರಿದ ಮದುವೆ, ಮಗಳ ಮುಟ್ಟಿನ ಹೊಟ್ಟೆನೋವು, ಅಮ್ಮನ ಸಕ್ಕರೆ ಕಾಯಿಲೆ, ಡಾಕ್ಟರ ಮುಂದೆ ಬಾಯಿಬಿಡದ ವಿಷಯ, ಎಲ್ಲ ಅಲ್ಲಿ ಹೊರಗೆ ಬರುತ್ತದೆ.

ಹಾಗಾದರೆ ಅಲ್ಲೇ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿಬಿಟ್ಟರೆ ಆಯ್ತಲ್ಲ?

ತಮಾಷೆಗೆ ಕೇಳುತ್ತಿಲ್ಲ, ಇದು ನಿಜವಾಗಿ ನಡೆದಿರುವ ಕೆಲಸ. ಟೆನಿಸ್ ಆಟಗಾರ ಆರ್ಥರ್ ಆಶ್ ಸಾಯುವ ಎರಡು ತಿಂಗಳ ಮುಂಚೆ, 1992ರ ಡಿಸೆಂಬರ್‌ನಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಆರೋಗ್ಯ ಸಂಸ್ಥೆ ಶುರು ಮಾಡಿದರು. ಅದು ಸಲೂನುಗಳನ್ನೇ ಹಿಡಿದುಕೊಂಡು ಕೆಲಸ ಮಾಡಿತು. 2000ದ ದಶಕದಲ್ಲಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರೂ ಕಪ್ಪು ಹೆಂಗಸರ ಬ್ಯೂಟಿ ಪಾರ್ಲರುಗಳಿಗೆ ಹೋಗಿ, ಕೂದಲು ಮಾಡುವವರಿಗೇ ತರಬೇತಿ ಕೊಟ್ಟು, ಊಟ, ವ್ಯಾಯಾಮ, ಕ್ಯಾನ್ಸರ್ ತಪಾಸಣೆಯ ಮಾತು ಅವರ ಬಾಯಿಂದಲೇ ಬರುವ ಹಾಗೆ ಮಾಡಿದರು. ಇಂಥದ್ದಕ್ಕೆ ಅಲ್ಲಿ ಕಮ್ಯುನಿಟಿ ಹೆಲ್ತ್ ಔಟ್‌ರೀಚ್ ಅನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಸರಳ: ಜನ ಆಸ್ಪತ್ರೆಗೆ ಬರಲಿ ಅಂತ ಕಾಯುತ್ತಾ ಕೂರದೆ, ಜನ ಇರುವಲ್ಲಿಗೆ ಹೋಗುವುದು. ನಮ್ಮೂರಿನ ಆಶಾ ಕಾರ್ಯಕರ್ತೆಯನ್ನು ನೋಡಿದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ನಮ್ಮ ಹಳ್ಳಿಗೆ ಆಶಾ ಬೇಕು, ಯಾಕೆಂದರೆ ಆಸ್ಪತ್ರೆ ದೂರ. ಜಗತ್ತಿನಲ್ಲೇ ಆರೋಗ್ಯಕ್ಕೆ ಅತಿ ಹೆಚ್ಚು ದುಡ್ಡು ಸುರಿಯುವ ದೇಶದಲ್ಲಿ, ಬೀದಿಯ ಕೊನೆಗೆ ದೊಡ್ಡ ಆಸ್ಪತ್ರೆ ಇರುವ ಊರಲ್ಲಿ, ಜಡೆ ಹಾಕುವವಳು ಬಿಪಿ ಯಾಕೆ ನೋಡಬೇಕು?

ಮೊದಲು ಅಂಕಿ ನೋಡೋಣ. 2023ರಲ್ಲಿ ಅಮೆರಿಕದಲ್ಲಿ ಒಂದು ಲಕ್ಷ ಹೆರಿಗೆಗೆ ಬಿಳಿ ತಾಯಂದಿರು 14.5 ಮಂದಿ ಸತ್ತರು. ಕಪ್ಪು ತಾಯಂದಿರು 50.3. ಮೂರು ಪಟ್ಟಿಗಿಂತ ಜಾಸ್ತಿ. ಕೋವಿಡ್ ಕಾಲದ 2021ರಲ್ಲಂತೂ ಕಪ್ಪು ತಾಯಂದಿರ ಲೆಕ್ಕ 69.9ಕ್ಕೆ ಹೋಗಿತ್ತು. ಸ್ತನ ಕ್ಯಾನ್ಸರ್ ಇನ್ನೂ ವಿಚಿತ್ರ. ಅದು ಕಪ್ಪು ಹೆಂಗಸರಿಗೆ ಬರುವುದು ಬಿಳಿ ಹೆಂಗಸರಿಗಿಂತ ಸ್ವಲ್ಪ ಕಡಿಮೆ, ಅದರಿಂದ ಸಾಯುವುದು ಮಾತ್ರ ಸುಮಾರು 40 ಪ್ರತಿಶತ ಜಾಸ್ತಿ.

ಬಡತನ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು ಅನ್ನಿಸುತ್ತದೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಅಮೆರಿಕದ ಸರ್ಕಾರಿ ಲೆಕ್ಕದಲ್ಲೇ ಇನ್ನೊಂದು ಸಂಗತಿ ಇದೆ. ಡಿಗ್ರಿ ಮುಗಿಸಿದ ಕಪ್ಪು ಹೆಂಗಸಿಗೆ ಬಸಿರು, ಬಾಣಂತನದಲ್ಲಿ ಸಾಯುವ ಅಪಾಯ ಹೈಸ್ಕೂಲು ಕೂಡ ಮುಗಿಸದ ಬಿಳಿ ಹೆಂಗಸಿಗಿಂತ ಜಾಸ್ತಿ. ಓದು, ಸಂಬಳ, ವಿಮೆ ಎಲ್ಲ ಇದ್ದೂ ಹೀಗೆ. ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ ಕಥೆ ಬಹಳ ಜನಕ್ಕೆ ಗೊತ್ತಿರಬಹುದು. 2017ರ ಸೆಪ್ಟೆಂಬರ್‌ನಲ್ಲಿ ಸಿಸೇರಿಯನ್ ಆದ ಮಾರನೇ ದಿನ ಉಸಿರು ಕಟ್ಟಿದ ಹಾಗಾಯಿತು. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ಅವಳಿಗೆ ಹಿಂದೆಯೇ ಬಂದುಹೋಗಿತ್ತು, ಹಾಗಾಗಿ ಏನಾಗುತ್ತಿದೆ ಅಂತ ಅವಳಿಗೆ ಗೊತ್ತು. ನರ್ಸನ್ನು ಹುಡುಕಿಕೊಂಡು ಹೋಗಿ, ನನಗೆ ಸಿಟಿ ಸ್ಕ್ಯಾನ್ ಮಾಡಿ, ರಕ್ತ ತೆಳುವಾಗುವ ಔಷಧಿ ಕೊಡಿ ಅಂತ ಕೇಳಿದಳು. ನೋವಿನ ಔಷಧಿಯಿಂದ ಏನೋ ಮಾತಾಡುತ್ತಿದ್ದಾಳೆ ಅಂದುಕೊಂಡರು. ಮೊದಲು ಕಾಲಿನ ಅಲ್ಟ್ರಾಸೌಂಡ್ ಮಾಡಿದರು, ಏನೂ ಕಾಣಲಿಲ್ಲ. ಕೊನೆಗೆ ಸಿಟಿ ಸ್ಕ್ಯಾನ್ ಮಾಡಿದಾಗ ಶ್ವಾಸಕೋಶದಲ್ಲಿ ಹೆಪ್ಪುಗಳು ಸಿಕ್ಕವು. 23 ಗ್ರ್ಯಾಂಡ್ ಸ್ಲಾಮ್ ಗೆದ್ದವಳ ಮಾತು ಇಷ್ಟು ನಡೆದರೆ, ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವ 19ರ ಹುಡುಗಿಯ ಮಾತು ಎಷ್ಟು ನಡೆದೀತು?

2016ರ ರಿಯೋ ಒಲಿಂಪಿಕ್ಸಿನಲ್ಲಿ 4x100 ರಿಲೇ ಚಿನ್ನ ಗೆದ್ದ ಅಮೆರಿಕದ ನಾಲ್ವರು ನೆನಪಿದ್ದಾರಾ? ಅದರಲ್ಲಿ ಮೂವರಿಗೆ ಬಸಿರಿನಲ್ಲಿ ಜೀವಕ್ಕೆ ಕುತ್ತು ಬಂತು. ಅಲಿಸನ್ ಫೆಲಿಕ್ಸ್‌ಗೆ 32ನೇ ವಾರದಲ್ಲಿ ತುರ್ತು ಸಿಸೇರಿಯನ್. ಟಿಯಾನಾ ಬಾರ್ಟೊಲೆಟಾಗೆ 26ನೇ ವಾರದಲ್ಲೇ ಹೆರಿಗೆ. ಟೋರಿ ಬೋವಿ 2023ರಲ್ಲಿ, 32ನೇ ವಯಸ್ಸಿಗೆ, ಎಂಟು ತಿಂಗಳ ಬಸುರಿಯಾಗಿದ್ದಾಗ ತನ್ನ ಮನೆಯಲ್ಲೇ ಸತ್ತಳು. ಜಗತ್ತಿನ ಅತಿ ಗಟ್ಟಿ ದೇಹಗಳು ಇವು.

ಇದಕ್ಕೆ ಎರಡು ಕಾರಣ ಹೇಳುತ್ತಾರೆ, ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು, ದೇಹ ಸವೆಯುವುದು. ಮಿಶಿಗನ್ ವಿಶ್ವವಿದ್ಯಾಲಯದ ಆರ್ಲಿನ್ ಜೆರೋನಿಮಸ್ 1992ರಲ್ಲಿ ಇದಕ್ಕೆ ವೆದರಿಂಗ್ ಅಂತ ಹೆಸರಿಟ್ಟರು. ಬಿಸಿಲು ಮಳೆಗೆ ಬಿಟ್ಟ ಮರದ ಬಾಗಿಲು ಬಿರುಕು ಬಿಡುತ್ತದಲ್ಲ, ಹಾಗೆ. ಸಾಮಾನ್ಯವಾಗಿ ಹದಿಹರೆಯದ ಹೆರಿಗೆಗಿಂತ ಇಪ್ಪತ್ತರ ಮೇಲಿನ ಹೆರಿಗೆ ಸುರಕ್ಷಿತ ಅನ್ನುತ್ತೇವೆ. ಬಿಳಿ ಹೆಂಗಸರ ಲೆಕ್ಕ ಹಾಗೇ ಇತ್ತು. ಕಪ್ಪು ಹೆಂಗಸರಲ್ಲಿ ಉಲ್ಟಾ ಕಂಡಿತು, ಇಪ್ಪತ್ತರ ನಡುವೆ ಹೆತ್ತವರ ಮಕ್ಕಳಿಗಿಂತ ಹದಿನೆಂಟು ಹತ್ತೊಂಬತ್ತಕ್ಕೆ ಹೆತ್ತವರ ಮಕ್ಕಳೇ ವಾಸಿ. ಅಂದರೆ ಆ ಐದಾರು ವರ್ಷದಲ್ಲೇ ದೇಹ ಸವೆಯಲು ಶುರುವಾಗಿದೆ ಅಂತ ಅವರ ವಾದ. ಅಂಗಡಿಗೆ ಹೋದರೆ ಹಿಂದೆ ಬರುವ ಕಾವಲುಗಾರ, ಬಾಡಿಗೆ ಮನೆ ಕೇಳಿದರೆ ಖಾಲಿ ಇಲ್ಲ ಅನ್ನುವ ಮಾಲೀಕ, ಕೆಲಸದ ಜಾಗದಲ್ಲಿ ಎರಡರಷ್ಟು ದುಡಿದು ತೋರಿಸಬೇಕಾದ ಒತ್ತಡ. ಒಂದೊಂದೂ ಸಣ್ಣದು. ಆದರೆ ಪ್ರತಿ ಸಲವೂ ದೇಹ ಅಪಾಯ ಬಂತು ಅಂತ ಸಜ್ಜಾಗುತ್ತದೆ, ಬಿಪಿ ಏರುತ್ತದೆ, ಇಳಿಯುವಷ್ಟರಲ್ಲಿ ಇನ್ನೊಂದು.

ಎರಡನೆಯದು ನಂಬಿಕೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇದು ಗೊತ್ತಿಲ್ಲದೆ ಸಲೂನಿನ ಕೆಲಸ ಅರ್ಥವೇ ಆಗುವುದಿಲ್ಲ.

1840ರ ದಶಕದಲ್ಲಿ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಮೇರಿಯನ್ ಸಿಮ್ಸ್ ಅನ್ನುವ ಡಾಕ್ಟರ್ ಗುಲಾಮ ಹೆಂಗಸರ ಮೇಲೆ, ಅರಿವಳಿಕೆ ಕೊಡದೆ, ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿ ಕಲಿತ. ಅನಾರ್ಕಾ, ಬೆಟ್ಸಿ, ಲೂಸಿ ಅಂತ ಮೂವರ ಹೆಸರು ಮಾತ್ರ ಉಳಿದಿದೆ. ಅವನನ್ನು ಸ್ತ್ರೀರೋಗ ಶಾಸ್ತ್ರದ ಪಿತಾಮಹ ಅಂತ ಕರೆದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪ್ರತಿಮೆ ನಿಲ್ಲಿಸಿದ್ದರು, 2018ರಲ್ಲಿ ತೆಗೆದರು. ಹಳೇ ಕಥೆ ಬಿಡಿ ಅನ್ನಬಹುದು. ಅದೇ ಮಾಂಟ್‌ಗೊಮರಿಯಲ್ಲಿ 1973ರಲ್ಲಿ ರೆಲ್ಫ್ ಕುಟುಂಬದ ಇಬ್ಬರು ಹುಡುಗಿಯರಿಗೆ, ಒಬ್ಬಳಿಗೆ 14, ಇನ್ನೊಬ್ಬಳಿಗೆ 12 ವರ್ಷ, ಸರ್ಕಾರದ ದುಡ್ಡಲ್ಲಿ ನಡೆಯುತ್ತಿದ್ದ ಕುಟುಂಬ ಯೋಜನೆ ಕ್ಲಿನಿಕ್ಕಿನವರು ಮಕ್ಕಳಾಗದ ಆಪರೇಷನ್ ಮಾಡಿಸಿದರು. ಓದಲು ಬರದ ತಾಯಿ, ಇಂಜೆಕ್ಷನ್‌ಗೆ ಇರಬೇಕು ಅಂದುಕೊಂಡು, ಕಾಗದದ ಮೇಲೆ ಒಂದು X ಗುರುತು ಹಾಕಿದ್ದಳು. ಈ ಪ್ರಕರಣ ಕೋರ್ಟಿಗೆ ಹೋದಾಗ ಹೊರಬಂದ ಸಂಗತಿ ಏನೆಂದರೆ, ವರ್ಷಕ್ಕೆ ಒಂದರಿಂದ ಒಂದೂವರೆ ಲಕ್ಷ ಬಡವರಿಗೆ ಸರ್ಕಾರಿ ಯೋಜನೆಗಳಲ್ಲಿ ಈ ಆಪರೇಷನ್ ಆಗುತ್ತಿತ್ತು.

ಗಮನಿಸಿ, ಆ ಹುಡುಗಿಯರನ್ನು ಕರೆದುಕೊಂಡು ಹೋದವರೂ ಮನೆ ಬಾಗಿಲಿಗೆ ಬಂದವರೇ. ಮನೆ ಬಾಗಿಲಿಗೆ ಆರೋಗ್ಯ ಅಂತ ಹೇಳುವಾಗ ನಾವು ಸುಮ್ನೆ ಒಳ್ಳೇದು ಅಂದುಕೊಂಡುಬಿಡುತ್ತೇವೆ. ಬಾಗಿಲು ತಟ್ಟುವವರು ಯಾರು, ಯಾರ ಪರವಾಗಿ ತಟ್ಟುತ್ತಿದ್ದಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅಜ್ಜಿಗೆ ಅದು ನೆನಪಿದೆ, ಅಮ್ಮನಿಗೆ ಹೇಳಿದ್ದಾಳೆ, ಅಮ್ಮ ಮಗಳಿಗೆ ಹೇಳಿದ್ದಾಳೆ. ಇವತ್ತಿನ ಡಾಕ್ಟರುಗಳು ಹಾಗಿಲ್ಲ ಅಂತ ವಾದಿಸಲು ಹೊರಟರೆ, 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ನಡೆದ ಅಧ್ಯಯನ ಅಡ್ಡ ಬರುತ್ತದೆ. ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ಕಿರಿಯ ಡಾಕ್ಟರುಗಳಲ್ಲಿ ಸುಮಾರು ಅರ್ಧದಷ್ಟು ಜನ ಕಪ್ಪು ದೇಹದ ಬಗ್ಗೆ ಒಂದಲ್ಲ ಒಂದು ಸುಳ್ಳನ್ನು ನಂಬಿದ್ದರು, ಚರ್ಮ ದಪ್ಪ ಅನ್ನುವಂಥದ್ದು. ಹಾಗೆ ನಂಬಿದವರು ನೋವನ್ನೂ ಕಡಿಮೆ ಅಂತ ಅಂದಾಜು ಮಾಡಿದರು. ಮಕ್ಕಳ ವಿಷಯಕ್ಕೆ ಬಂದರೆ, ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು 2017ರಲ್ಲಿ ತೋರಿಸಿದ್ದು ಇದು: ಐದು ವರ್ಷದಿಂದಲೇ ಕಪ್ಪು ಹುಡುಗಿಯನ್ನು ದೊಡ್ಡವರು ಅದೇ ವಯಸ್ಸಿನ ಬಿಳಿ ಹುಡುಗಿಗಿಂತ ದೊಡ್ಡವಳು, ಕಡಿಮೆ ಮುಗ್ಧೆ, ಅವಳಿಗೆ ಅಷ್ಟು ಆರೈಕೆ ಬೇಡ ಅಂತ ಕಾಣುತ್ತಾರೆ. ಇನ್ನು ಹೊಟ್ಟೆನೋವು ಅಂತ ಹನ್ನೆರಡರ ಹುಡುಗಿ ಅತ್ತರೆ, ನಾಟಕ ಮಾಡಬೇಡ ಅನ್ನಿಸಿಕೊಳ್ಳುತ್ತಾಳೆ.

ಸಲೂನಿಗೆ ಹಾದಿ ಮಾಡಿದವರು ಬಹಳ ಹಿಂದಿನವರು. ನನಗೆ ಇದರಲ್ಲಿ ಅತಿ ಇಷ್ಟವಾದದ್ದು 1935ರ ಬೇಸಿಗೆಯ ಕಥೆ. ಆಲ್ಫಾ ಕಪ್ಪಾ ಆಲ್ಫಾ ಅನ್ನುವುದು ಕಾಲೇಜು ಓದಿದ ಕಪ್ಪು ಹೆಂಗಸರ ಸಂಘ. ಹೊವಾರ್ಡ್ ವಿಶ್ವವಿದ್ಯಾಲಯದ ಡಾಕ್ಟರ್ ಡೊರೊತಿ ಬೌಲ್ಡಿಂಗ್ ಫೆರೆಬಿ ಅವರ ಮುಂದಾಳತ್ವದಲ್ಲಿ ಸಂಘದ ಕೆಲವರು ವಾಷಿಂಗ್ಟನ್ನಿನಿಂದ ತಮ್ಮದೇ ಕಾರುಗಳಲ್ಲಿ ಮಿಸಿಸಿಪ್ಪಿಗೆ ಹೊರಟರು. ಆ ಕಾಲದಲ್ಲಿ ದಕ್ಷಿಣದ ರಸ್ತೆಯಲ್ಲಿ ಕಪ್ಪು ಹೆಂಗಸರು ಕಾರು ಓಡಿಸಿಕೊಂಡು ಹೋಗುವುದೇ ಒಂದು ಸಾಹಸ. ಹೋಮ್ಸ್ ಕೌಂಟಿಯಲ್ಲಿ ಕ್ಲಿನಿಕ್ ತೆರೆದು ಕೂರುವುದು ಅವರ ಲೆಕ್ಕಾಚಾರ. ಆದರೆ ಹತ್ತಿ ಹೊಲದ ಧಣಿಗಳು ಗೇಣಿಯಾಳುಗಳನ್ನು ಕ್ಲಿನಿಕ್ಕಿಗೆ ಬಿಡಲಿಲ್ಲ. ವಾಷಿಂಗ್ಟನ್ನಿಂದ ಬಂದ ಓದಿದ ಹೆಂಗಸರು ಆಳುಗಳ ತಲೆ ಕೆಡಿಸುತ್ತಾರೆ ಅನ್ನುವ ಭಯ. ಸರಿ, ನೀವು ಬರಲಾಗದಿದ್ದರೆ ನಾವೇ ಬರುತ್ತೇವೆ ಅಂತ ಇವರು ಕಾರಿಗೇ ಲಸಿಕೆ, ಔಷಧಿ ತುಂಬಿಕೊಂಡು ಹೊಲಕ್ಕೆ ಹೋದರು. ಕುದುರೆ ಮೇಲೆ ಬಂದೂಕು ಹಿಡಿದ ಮೇಸ್ತ್ರಿಗಳು ಸುತ್ತ ನಿಂತು ಏನು ಕೇಳುತ್ತಾರೆ, ಏನು ಹೇಳುತ್ತಾರೆ ಅಂತ ಕಿವಿಗೊಟ್ಟಿರುತ್ತಿದ್ದರು. ಆ ಕಣ್ಣುಗಳ ನಡುವೆ ಮಕ್ಕಳಿಗೆ ಸಿಡುಬು, ಡಿಫ್ತೀರಿಯಾ ಲಸಿಕೆ ಹಾಕುವುದು, ಹಲ್ಲು ನೋಡುವುದು, ತಾಯಂದಿರಿಗೆ ಏನು ತಿನ್ನಿಸಬೇಕು ಅಂತ ಹೇಳುವುದು. ಯುದ್ಧ ಬಂದು ಪೆಟ್ರೋಲಿಗೆ ರೇಷನ್ ಆದ 1942ರವರೆಗೂ ಬೇಸಿಗೆ ಬೇಸಿಗೆಗೆ ಇದು ನಡೆಯಿತು. ಊರೂರಿಗೆ ಬರುವ ಮೊಬೈಲ್ ಕ್ಲಿನಿಕ್ ವ್ಯಾನನ್ನು ನಾವು ಈಗ ನೋಡುತ್ತೇವಲ್ಲ, ಆ ಯೋಚನೆಯನ್ನು ಇಷ್ಟು ಕಷ್ಟಪಟ್ಟು ಮಾಡಿದವರು ಇವರು.

ಏನು ತಿನ್ನಿಸಬೇಕು ಅಂತ ಹೇಳಿದರಾಯಿತೇ, ತಿನ್ನಿಸಲು ಇರಬೇಕಲ್ಲ. ಅದೇ ಮಿಸಿಸಿಪ್ಪಿಯ ಮೌಂಡ್ ಬಾಯು ಅನ್ನುವ ಊರಲ್ಲಿ 1967ರಲ್ಲಿ ಶುರುವಾದ ಡೆಲ್ಟಾ ಹೆಲ್ತ್ ಸೆಂಟರ್ ಈ ಪ್ರಶ್ನೆಯನ್ನು ನೇರ ಹಿಡಿಯಿತು. ಅಲ್ಲಿನ ಡಾಕ್ಟರುಗಳು ಸೊರಗಿದ ಮಕ್ಕಳಿಗೆ ಔಷಧಿ ಚೀಟಿಯಲ್ಲಿ ಹಾಲು, ಮಾಂಸ, ತರಕಾರಿ ಬರೆದುಕೊಟ್ಟರು. ದಿನಸಿ ಅಂಗಡಿಯವನು ಸಾಮಾನು ಕೊಟ್ಟು ಬಿಲ್ಲನ್ನು ಕ್ಲಿನಿಕ್ಕಿಗೆ ಕಳಿಸುತ್ತಿದ್ದ. ಸರ್ಕಾರದವರು ಇದು ಯಾವ ಲೆಕ್ಕ ಅಂತ ಕೇಳಿದಾಗ, ಹಸಿವಿಗೆ ಊಟವೇ ಔಷಧಿ ಅಂತ ಉತ್ತರ ಹೋಯಿತು.

ಇಂಥ ಕೆಲಸದ ಮಾತು ಬಂದಾಗಲೆಲ್ಲ ಜೊತೆಗೇ ಬರುವ ಸಬಲೀಕರಣ ಅನ್ನುವ ಪದಕ್ಕೆ ಈಗ ಬರೋಣ. ಈ ಪದ ನಮ್ಮಲ್ಲಿ ಬ್ಯಾನರ್ ಮೇಲೆ ಇದ್ದು ಇದ್ದು ಸವೆದುಹೋಗಿದೆ, ನಿಜ ಹೇಳಬೇಕೆಂದರೆ ನನಗೂ ಅದನ್ನು ಕೇಳಿದರೆ ಆಕಳಿಕೆ ಬರುತ್ತದೆ. ಆದರೆ ಬಿಲ್ಲಿ ಏವರಿ ಅನ್ನುವವರ ಕೆಲಸ ನೋಡಿದರೆ ಅದಕ್ಕೆ ಒಂದು ಅರ್ಥ ಸಿಗುತ್ತದೆ. 1970ರಲ್ಲಿ ಇವರ ಗಂಡ 33ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡರು. ಬಿಪಿ ಇದೆ ಅಂತ ಮೊದಲೇ ಗೊತ್ತಿತ್ತು, ಅದು ಇಂಥದ್ದು ಮಾಡಬಹುದು ಅಂತ ಯಾರೂ ಕೂರಿಸಿ ಹೇಳಿರಲಿಲ್ಲ. ಓದಿದ ಮನೆಯಲ್ಲೇ ಹೀಗಾದರೆ ಉಳಿದವರ ಗತಿ ಏನು ಅಂತ ಇವರಿಗೆ ಕೊರೆಯತೊಡಗಿತು. ಫ್ಲಾರಿಡಾದ ಗೇನ್ಸ್‌ವಿಲ್‌ನಲ್ಲಿ ಗೆಳತಿಯರ ಜೊತೆ ಸೇರಿ 1974ರಲ್ಲಿ ಹೆಂಗಸರ ಕ್ಲಿನಿಕ್ ತೆರೆದರು, 1978ರಲ್ಲಿ ಹೆರಿಗೆ ಕೇಂದ್ರ. ಆಮೇಲೆ ಒಂದು ಕಾಲೇಜಿನಲ್ಲಿ ಕಪ್ಪು ತರುಣಿಯರಿಗೆ ಕೆಲಸ ಕಲಿಸುವ ಕಾರ್ಯಕ್ರಮದಲ್ಲಿದ್ದಾಗ, ಇವರು ಯಾಕೆ ಪದೇ ಪದೇ ತರಗತಿ ತಪ್ಪಿಸುತ್ತಾರೆ ಅಂತ ಕೇಳುತ್ತಾ ಹೋದರು. ಇಪ್ಪತ್ತರ ಆಸುಪಾಸಿನಲ್ಲೇ ಅರವತ್ತರ ಕಾಯಿಲೆಗಳು ಎದುರಾದವು.

1983ರ ಜೂನ್‌ನಲ್ಲಿ ಅಟ್ಲಾಂಟಾದ ಸ್ಪೆಲ್‌ಮನ್ ಕಾಲೇಜಿನಲ್ಲಿ ಕಪ್ಪು ಹೆಂಗಸರ ಆರೋಗ್ಯದ ಮೊದಲ ರಾಷ್ಟ್ರೀಯ ಸಮ್ಮೇಳನ ಕರೆದರು. ಸಾವಿರಕ್ಕೂ ಹೆಚ್ಚು ಜನ ಬಂದರು. ಅಲ್ಲಿಂದ ಬೆಳೆದ ಸಂಸ್ಥೆಗೆ ಈಗ ಬ್ಲ್ಯಾಕ್ ವಿಮೆನ್ಸ್ ಹೆಲ್ತ್ ಇಂಪೆರೆಟಿವ್ ಅಂತ ಹೆಸರು. ಅವರ ಸಾಧನ ಬಹಳ ಸಾದಾ: ಸುತ್ತ ಕೂತು ಮಾತಾಡುವ ಗುಂಪು. ನಮ್ಮ ಸ್ತ್ರೀಶಕ್ತಿ ಸಂಘದ ಹಾಗೆ ಉಳಿತಾಯದ ಪುಸ್ತಕ ಇಲ್ಲ, ಸಾಲ ಇಲ್ಲ. ಒಬ್ಬೊಬ್ಬರೂ ತಮ್ಮ ದೇಹದ ಕಥೆ ಹೇಳುವುದು, ಉಳಿದವರು ನಡುವೆ ಬಾಯಿ ಹಾಕದೆ ಕೇಳುವುದು. ಬಿಪಿ, ಸಕ್ಕರೆ, ತೂಕದ ಮಾತು ಬರುತ್ತದೆ ಅಂದುಕೊಂಡಿದ್ದವರಿಗೆ ಮೊದಲು ಬಂದದ್ದು ಹೊಡೆತದ ಮಾತು, ಬಾಲ್ಯದಲ್ಲಿ ಮನೆಯೊಳಗೇ ಆದ ದೌರ್ಜನ್ಯದ ಮಾತು. ಇದನ್ನು ಯಾವ ತಪಾಸಣಾ ಶಿಬಿರದ ಫಾರ್ಮಿನಲ್ಲೂ ಕೇಳುವುದಿಲ್ಲ. ನನಗೆ ಮಾತ್ರ ಹೀಗಾಗಿದೆ ಅಂತ ಮುಚ್ಚಿಟ್ಟುಕೊಂಡವಳು ಪಕ್ಕದವಳ ಬಾಯಲ್ಲೂ ಅದೇ ಕೇಳಿದ ಮೇಲೆ, ಡಾಕ್ಟರ ಮುಂದೆ ಕೂರುವ ರೀತಿಯೇ ಬದಲಾಗುತ್ತದೆ. ಪದದ ಅರ್ಥ ಇಷ್ಟೇ ಅಂತ ನನ್ನ ಲೆಕ್ಕ.

ಹುಡುಗಿಯರಿಗೆ ಕಲಿಸುವುದೂ ಇಂಥದ್ದೇ. ಗರ್ಭಕೋಶದ ಗೆಡ್ಡೆ, ಫೈಬ್ರಾಯ್ಡ್ ಅನ್ನುತ್ತೇವಲ್ಲ, ಅದನ್ನೇ ತಗೊಳ್ಳಿ. 50 ವರ್ಷದ ಹೊತ್ತಿಗೆ 80 ಪ್ರತಿಶತಕ್ಕೂ ಹೆಚ್ಚು ಕಪ್ಪು ಹೆಂಗಸರಿಗೆ ಇದು ಇರುತ್ತದೆ. ಬಿಳಿ ಹೆಂಗಸರಿಗೂ ಬರುತ್ತದೆ, ಆದರೆ ಇವರಿಗೆ ಬೇಗ ಬರುತ್ತದೆ, ದೊಡ್ಡದಾಗಿ ಬರುತ್ತದೆ. ಹಾಗಾಗಿ ಅಜ್ಜಿ, ಅಮ್ಮ, ಚಿಕ್ಕಮ್ಮ ಎಲ್ಲರಿಗೂ ಮುಟ್ಟು ಅಂದರೆ ಹಾಸಿಗೆ ಹಿಡಿಯುವಷ್ಟು ರಕ್ತ. ಮಗಳಿಗೂ ಹಾಗಾದರೆ, ನಮ್ಮನೇಲಿ ಎಲ್ಲರಿಗೂ ಹೀಗೇ, ತಡ್ಕೋ ಅನ್ನುತ್ತಾರೆ. ಈ ಮಾತು ನಮಗೂ ಹೊಸದಲ್ಲ, ಅಲ್ವಾ? ಒಂದು ಪ್ಯಾಡ್ ಎಷ್ಟು ಹೊತ್ತಿಗೆ ತುಂಬುತ್ತದೆ, ಎಷ್ಟು ದಿನ ಹೋಗುತ್ತದೆ, ಯಾವತ್ತು ಸ್ಕೂಲಿಗೆ ಹೋಗಲು ಆಗಲಿಲ್ಲ ಅಂತ ಬರೆದಿಟ್ಟುಕೋ ಅಂತ ಹುಡುಗಿಗೆ ಕಲಿಸುವುದು ಸಣ್ಣ ಕೆಲಸ ಅನ್ನಿಸಬಹುದು. ಆದರೆ ಜಾಸ್ತಿ ರಕ್ತ ಹೋಗುತ್ತದೆ ಅಂತ ಹೇಳುವವಳಿಗೂ, ಗಂಟೆಗೊಂದು ಪ್ಯಾಡ್, ಎಂಟು ದಿನ, ಮೂರು ತಿಂಗಳಿಂದ ಅಂತ ಹೇಳುವವಳಿಗೂ ಡಾಕ್ಟರ್ ಕೊಡುವ ಉತ್ತರ ಬೇರೆಯಾಗುತ್ತದೆ. ಟೆಸ್ಟ್ ಬೇಡ ಅಂತ ಡಾಕ್ಟರ್ ಅಂದರೆ, ನಾನು ಕೇಳಿದೆ, ನೀವು ಬೇಡ ಅಂದಿರಿ ಅಂತ ನನ್ನ ಫೈಲಿನಲ್ಲಿ ಬರೆಯಿರಿ ಅಂತ ಹೇಳಲೂ ಕಲಿಸುತ್ತಾರೆ. ಬಸುರಿಯರಿಗೆ ಅಪಾಯದ ಗುರುತುಗಳನ್ನು ಬಾಯಿಪಾಠ ಮಾಡಿಸುತ್ತಾರೆ: ಬಿಡದ ತಲೆನೋವು, ಕಣ್ಣ ಮುಂದೆ ಚುಕ್ಕೆ, ಮುಖ ಕೈ ಊತ, ಪಕ್ಕೆಲುಬಿನ ಕೆಳಗೆ ನೋವು, ಏದುಸಿರು. ಹೆರಿಗೆ ಆದ ಮೇಲೂ ಇದನ್ನು ಮರೆಯುವ ಹಾಗಿಲ್ಲ. ಅಲ್ಲಿನ ಬಸುರಿ, ಬಾಣಂತಿಯರ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಗುವುದು ಮಗು ಹುಟ್ಟಿ ಒಂದು ವಾರ ಕಳೆದ ಮೇಲೆ, ಒಂದು ವರ್ಷದೊಳಗೆ. ಎಲ್ಲರ ಕಣ್ಣು ಮಗುವಿನ ಮೇಲಿರುವ ಹೊತ್ತು ಅದು. ಅಮೆರಿಕದ ಸರ್ಕಾರಿ ಪರಿಶೀಲನೆಯ ಪ್ರಕಾರ ಇಂಥ ಸಾವುಗಳಲ್ಲಿ 80 ಪ್ರತಿಶತಕ್ಕೂ ಹೆಚ್ಚು ತಪ್ಪಿಸಬಹುದಾಗಿದ್ದವು.

ಕೂದಲಿಗೆ ಮತ್ತೆ ಬರುತ್ತೇನೆ, ಸಲೂನಿನಲ್ಲಿ ಶುರು ಮಾಡಿದ ಮೇಲೆ ಕೂದಲು ಬಿಟ್ಟು ಹೋಗಲಾಗುವುದಿಲ್ಲ. 2011ರಲ್ಲಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ರೆಜಿನಾ ಬೆಂಜಮಿನ್, ಸ್ವತಃ ಕಪ್ಪು ಹೆಂಗಸು, ಅಟ್ಲಾಂಟಾದ ದೊಡ್ಡ ಕೇಶಾಲಂಕಾರ ಮೇಳಕ್ಕೆ ಹೋಗಿ, ಕೂದಲು ಕೆಡುತ್ತದೆ ಅಂತ ವ್ಯಾಯಾಮ ಬಿಡಬೇಡಿ ಅಂದರು. ದೇಶದ ಮುಖ್ಯ ಡಾಕ್ಟರಿಗೆ ಬೇರೆ ಕೆಲಸ ಇಲ್ಲವಾ ಅಂತ ನಕ್ಕವರಿದ್ದರು. ನಗುವ ವಿಷಯ ಅಲ್ಲ. ಗುಂಗುರು ಕೂದಲನ್ನು ಬಿಸಿ ಮಾಡಿ ನೇರ ಮಾಡಿಸಲು ಗಂಟೆಗಟ್ಟಲೆ ಹೊತ್ತು, ಕೈತುಂಬ ದುಡ್ಡು. ಹತ್ತು ನಿಮಿಷ ಓಡಿ ಬೆವರಿದರೆ ಬುಡದಿಂದ ಮತ್ತೆ ಗುಂಗುರು. ಸೋಮವಾರ ಆಫೀಸಿಗೆ ಆ ಕೂದಲಲ್ಲಿ ಹೋದರೆ ಮ್ಯಾನೇಜರ್ ಮುಖ ನೋಡಬೇಕು. ಸಹಜ ಕೂದಲಿನ ಕಾರಣಕ್ಕೆ ಸ್ಕೂಲು, ಆಫೀಸಿನಲ್ಲಿ ಭೇದ ಮಾಡಬಾರದು ಅಂತ ಕಾನೂನು ಮಾಡಿದ ಮೊದಲ ರಾಜ್ಯ ಕ್ಯಾಲಿಫೋರ್ನಿಯಾ, ಅದೂ 2019ರಲ್ಲಿ. ಇನ್ನು ರಾಸಾಯನಿಕ ಹಚ್ಚಿ ಕೂದಲು ನೇರ ಮಾಡುವ ರಿಲ್ಯಾಕ್ಸರ್. ಸುಮಾರು 34 ಸಾವಿರ ಹೆಂಗಸರನ್ನು ಹನ್ನೊಂದು ವರ್ಷ ಹಿಂಬಾಲಿಸಿದ ಸರ್ಕಾರಿ ಅಧ್ಯಯನವೊಂದು 2022ರಲ್ಲಿ ಬಂತು. ನೇರ ಮಾಡಿಸುವ ರಾಸಾಯನಿಕ ಬಳಸದವರಿಗೆ 70ರ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ 1.64 ಪ್ರತಿಶತ, ವರ್ಷಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬಳಸುವವರಿಗೆ 4.05. ಇದು ನಂಟನ್ನು ತೋರಿಸುತ್ತದೆ, ಇದೇ ಕಾರಣ ಅಂತ ಸಾಬೀತು ಮಾಡುವುದಿಲ್ಲ. ಆದರೂ ಈ ಮಾತನ್ನು ಟಿವಿಯಲ್ಲಿ ಕೇಳುವುದಕ್ಕೂ, ಹತ್ತು ವರ್ಷದಿಂದ ತಲೆ ಕೊಟ್ಟ ಕೈಯವಳೇ, ಮಗಳಿಗೆ ಈಗಲೇ ಬೇಡ ಕಣೇ ಅನ್ನುವುದಕ್ಕೂ ವ್ಯತ್ಯಾಸ ಇದೆ. ಅವಳು ಹಾಗೆ ಹೇಳಿದರೆ ಅವಳ ದುಡಿಮೆಗೇ ಖೋತಾ, ಅದು ಕೂತವಳಿಗೂ ಗೊತ್ತು.

ವ್ಯಾಯಾಮದ ತೊಡಕನ್ನು ಗರ್ಲ್‌ಟ್ರೆಕ್ ಅನ್ನುವ ಸಂಸ್ಥೆ ಜಾಣತನದಿಂದ ಬಿಡಿಸಿತು. ಮಾರ್ಗನ್ ಡಿಕ್ಸನ್, ವನೆಸ್ಸಾ ಗ್ಯಾರಿಸನ್ ಅನ್ನುವ ಇಬ್ಬರು ಗೆಳತಿಯರು 2010ರಲ್ಲಿ ಶುರು ಮಾಡಿದ್ದು. ಜಿಮ್ ಬೇಡ, ಫೀಸು ಬೇಡ, ದಿನಕ್ಕೆ 30 ನಿಮಿಷ ನಿಮ್ಮ ಬೀದಿಯಲ್ಲೇ ನಡೆಯಿರಿ, ಒಬ್ಬಳೇ ಬೇಡ, ಜೊತೆಗಾರ್ತಿಯರನ್ನು ಕರೆದುಕೊಳ್ಳಿ. ನಡೆಯುತ್ತಾ ಹ್ಯಾರಿಯೆಟ್ ಟಬ್‌ಮನ್ ಕಥೆ ಮಾತಾಡುತ್ತಾರೆ, ಗುಲಾಮಗಿರಿಯಿಂದ ನಡೆದೇ ಪಾರಾಗಿ, ಮತ್ತೆ ವಾಪಸ್ ಹೋಗಿ ಉಳಿದವರನ್ನೂ ನಡೆಸಿಕೊಂಡು ಬಂದವಳು ಅವಳು. ತೂಕ ಇಳಿಸಿ ಅಂತ ಎಲ್ಲೂ ಬೈಯುವುದಿಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರು ಸೇರಿದ್ದಾರೆ. ಡಯಟ್ ಚಾರ್ಟ್ ಕೊಟ್ಟಿದ್ದರೆ ಇದರ ನೂರರಲ್ಲಿ ಒಂದು ಪಾಲೂ ಬರುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಮಾತಿನಿಂದ ಮಾತ್ರ ಎಷ್ಟು ಆಗುತ್ತದೆ? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಗಂಡಸರ ಕಡೆಯಿಂದ. 2018ರಲ್ಲಿ ಪ್ರಕಟವಾದ ಲಾಸ್ ಏಂಜಲೀಸ್ ಅಧ್ಯಯನದಲ್ಲಿ 52 ಕ್ಷೌರದಂಗಡಿಗಳ 319 ಕಪ್ಪು ಗಂಡಸರಿದ್ದರು, ಎಲ್ಲರಿಗೂ ಬಿಪಿ ಜಾಸ್ತಿ. ಅರ್ಧ ಅಂಗಡಿಗಳಲ್ಲಿ ಕ್ಷೌರದವನು, ಡಾಕ್ಟರ್ ಹತ್ತಿರ ಹೋಗು ಮಾರಾಯ ಅಂತ ಹೇಳಿದ, ಅಷ್ಟೇ. ಇನ್ನರ್ಧ ಅಂಗಡಿಗಳಿಗೆ ತರಬೇತಾದ ಫಾರ್ಮಸಿಸ್ಟರೇ ಬಂದು, ಡಾಕ್ಟರ ಒಪ್ಪಿಗೆಯ ಮೇಲೆ ಅಲ್ಲೇ ಮಾತ್ರೆ ಬರೆದು, ಅಲ್ಲೇ ಹೆಚ್ಚು ಕಡಿಮೆ ಮಾಡಿದರು. ಆರು ತಿಂಗಳಲ್ಲಿ ಮೊದಲ ಗುಂಪಿನ ಮೇಲಿನ ಬಿಪಿ ಸರಾಸರಿ 9 ಇಳಿಯಿತು. ಎರಡನೇ ಗುಂಪಿನದು 27. ಒಂಬತ್ತೂ ಕಡಿಮೆಯಲ್ಲ. ಆದರೆ ಇಪ್ಪತ್ತೇಳು ಅಂದರೆ ಪಾರ್ಶ್ವವಾಯು ತಪ್ಪಿಸುವಷ್ಟು. ಅರಿವು ಮೂಡಿಸುತ್ತೇವೆ ಅಂತ ಪಾಂಪ್ಲೆಟ್ ಹಂಚಿ ಫೋಟೋ ತೆಗೆಸಿಕೊಂಡು ಹೋಗುವವರು ಈ ಎರಡು ಅಂಕಿಗಳ ನಡುವಿನ ಹದಿನೆಂಟನ್ನು ಗೋಡೆ ಮೇಲೆ ಬರೆದುಕೊಳ್ಳಬೇಕು.

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಡಾಕ್ಟರ್ ಹೆರಾಲ್ಡ್ ಫ್ರೀಮನ್ 1990ರಲ್ಲಿ ಮಾಡಿದ್ದೂ ಈ ಹದಿನೆಂಟನ್ನು ತುಂಬುವ ಕೆಲಸವೇ. ಅವರ ಆಸ್ಪತ್ರೆಗೆ ಬರುತ್ತಿದ್ದ ಬಡ ಹೆಂಗಸರು, ಹೆಚ್ಚಿನವರು ಕಪ್ಪು ಜನ, ಸ್ತನದ ಗಂಟು ಬಹಳ ಬಲಿತ ಮೇಲೆ ಬರುತ್ತಿದ್ದರು. ಐದು ವರ್ಷ ಬದುಕುಳಿಯುತ್ತಿದ್ದವರು 39 ಪ್ರತಿಶತ. ಅಗ್ಗದ ತಪಾಸಣೆ ಶುರು ಮಾಡಿದರು, ಅದರ ಜೊತೆಗೆ ಆ ಬೀದಿಯ ಜನರನ್ನೇ ದಾರಿ ತೋರಿಸುವವರಾಗಿ ನೇಮಿಸಿದರು, ನ್ಯಾವಿಗೇಟರ್ ಅಂತ. ಇವರು ಸೂಜಿ ಮುಟ್ಟುವುದಿಲ್ಲ. ಗುರುವಾರ ಹತ್ತಕ್ಕೆ ಬಯಾಪ್ಸಿ, ಅಂದರೆ ಗಂಟಿನ ತುಣುಕು ತೆಗೆದು ನೋಡುವ ಪರೀಕ್ಷೆ, ಇದ್ದರೆ ಬುಧವಾರ ಸಂಜೆ ಫೋನ್ ಮಾಡುತ್ತಾರೆ. ಮಗುವನ್ನು ಯಾರ ಹತ್ತಿರ ಬಿಡ್ತೀಯ, ಬಸ್ ಚಾರ್ಜಿಗೆ ಇದೆಯಾ, ವಿಮೆಯ ಕಾಗದ ಬಂತಾ, ಭಯ ಆಗ್ತಿದೆಯಾ, ಬಾಗಿಲಲ್ಲಿ ನಾನು ನಿಂತಿರ್ತೀನಿ. ಕೆಲವು ವರ್ಷಗಳಲ್ಲಿ ಆ 39 ಹೋಗಿ 70 ಆಯಿತು.

ಇಷ್ಟಾದರೂ ಒಂದು ಕಡೆ ನನಗೆ ಕಸಿವಿಸಿ ಇದೆ. ಹುಡುಗಿಗೆ ಬರೆದಿಟ್ಟುಕೋ, ಪ್ರಶ್ನೆ ಕೇಳು, ಜೋರಾಗಿ ಕೇಳು ಅಂತ ಕಲಿಸುತ್ತಾ ಹೋದರೆ, ಕೇಳಿಸಿಕೊಳ್ಳದ ಆಸ್ಪತ್ರೆಯ ತಪ್ಪೂ ಅವಳ ತಲೆಗೇ ಬರುವುದಿಲ್ಲವೇ? ಸೆರೆನಾ ಕೇಳಲಿಲ್ಲವೇ? ಷಿಕಾಗೊದಲ್ಲಿ ಇದನ್ನು ಅರ್ಥ ಮಾಡಿಕೊಂಡರು. 2003ರ ಲೆಕ್ಕದಲ್ಲಿ ಅಲ್ಲಿನ ಕಪ್ಪು ಹೆಂಗಸರು ಸ್ತನ ಕ್ಯಾನ್ಸರಿನಿಂದ ಸಾಯುವುದು ಬಿಳಿಯರಿಗಿಂತ 68 ಪ್ರತಿಶತ ಜಾಸ್ತಿ ಇತ್ತು. ಹೆಂಗಸರು ತಪಾಸಣೆಗೆ ಬರುವುದಿಲ್ಲ ಅಂತ ಮೊದಲು ಎಲ್ಲರೂ ಹೇಳಿದರು. ಹುಡುಕಿ ನೋಡಿದರೆ ಅವರು ಹೋಗುತ್ತಿದ್ದ ಆಸ್ಪತ್ರೆಗಳಲ್ಲೇ ತಪಾಸಣೆಯ ಗುಣಮಟ್ಟ ಸರಿಯಿರಲಿಲ್ಲ, ಸ್ತನದ ಎಕ್ಸ್‌ರೇ, ಅಂದರೆ ಮ್ಯಾಮೊಗ್ರಾಂ ಓದುವುದರಲ್ಲಿ ಪರಿಣತರಾದವರು ಕಡಿಮೆ. ಆಮೇಲೆ ಜನರನ್ನು ಕರೆತರುವ ಜೊತೆಗೆ ಆಸ್ಪತ್ರೆಗಳನ್ನು ತಿದ್ದುವ ಕೆಲಸವೂ ನಡೆಯಿತು, ಅಂತರ ಕುಗ್ಗಿತು. ಕ್ಯಾನ್ಸರ್ ಗಂಟು ಕಾಣದ ಮೆಷಿನ್ ಮುಂದೆ ನಿಂತು ಹುಡುಗಿ ಎಷ್ಟು ಸಬಲಳಾಗಿದ್ದರೆ ಏನು ಬಂತು.

ಅಮೆರಿಕದ ಆಸ್ಪತ್ರೆಗಳಲ್ಲಿ ಕನ್ನಡದ ಡಾಕ್ಟರು, ನರ್ಸುಗಳು ಬೇಕಾದಷ್ಟು ಜನ ಇದ್ದಾರೆ. ಆ ಹುಡುಗಿ ಎದುರು ಕೂತಾಗ ಮೇಜಿನ ಈಚೆ ಇರುವವರು ನಮ್ಮವರೂ ಆಗಿರಬಹುದು, ಚರ್ಮದ ಬಣ್ಣದ ಬಗ್ಗೆ ನಮ್ಮ ಮನೆಗಳಲ್ಲಿ ಏನೇನು ಮಾತು ಕೇಳಿ ಬೆಳೆದಿದ್ದೇವೆ ಅಂತ ನಮಗೇ ಗೊತ್ತು.

ಸಲೂನಿನಲ್ಲಿ ಇನ್ನೂ ಜಡೆ ಹೆಣೆಯುತ್ತಿದ್ದಾರೆ ಅಂದುಕೊಳ್ಳಿ. ಪಟ್ಟಿ ಸುತ್ತುವುದಕ್ಕೂ ಒಂದು ಕ್ರಮ ಇದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ತೋರಿಸುತ್ತದೆ, ಹಾಗಾಗಿ ಎರಡು ಮೂರು ಅಳತೆಯ ಪಟ್ಟಿ ಇಟ್ಟುಕೊಳ್ಳಬೇಕು. ತೋಳು ಎದೆಯ ಮಟ್ಟಕ್ಕೆ ಬರಬೇಕು, ಕಾಲ ಮೇಲೆ ಕಾಲು ಹಾಕಬಾರದು, ಐದು ನಿಮಿಷ ಬಾಯಿ ಮುಚ್ಚಿ ಕೂರಬೇಕು. ಆ ಅಂಗಡಿಯಲ್ಲಿ ಕಷ್ಟದ ಕೆಲಸ ಇದೊಂದೇ. ಮೆಷಿನ್ 162/100 ಅಂತ ತೋರಿಸಿತು ಅನ್ನಿ. ಜಡೆ ಹಾಕುವವಳು ಡಾಕ್ಟರಲ್ಲ, ಔಷಧಿ ಹೇಳುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ನೋಡುತ್ತಾಳೆ, ಚೀಟಿಯಲ್ಲಿ ಬರೆದುಕೊಡುತ್ತಾಳೆ, ಹತ್ತಿರದ ಕ್ಲಿನಿಕ್ಕಿನ ನಂಬರ್ ಕೊಟ್ಟು ಅಲ್ಲೇ ಕೂತು ಫೋನ್ ಮಾಡಿಸುತ್ತಾಳೆ. ಆಸ್ಪತ್ರೆಯಾದರೆ ಇಲ್ಲಿಂದ ಮುಂದೆ ಆ ಹುಡುಗಿ ಮತ್ತೆ ಬರುತ್ತಾಳೋ ಇಲ್ಲವೋ ಅನ್ನುವ ಚಿಂತೆ. ಜಡೆ ಹಾಕುವವಳಿಗೆ ಅದಿಲ್ಲ. ಆರರಿಂದ ಎಂಟು ವಾರದಲ್ಲಿ ಬುಡದ ಕೂದಲು ಬೆಳೆದು ಜಡೆ ಸಡಿಲಾಗುತ್ತದೆ. ಬಿಚ್ಚಿ ಹೊಸದು ಹೆಣೆಸಲು ಅವಳು ಬಂದೇ ಬರುತ್ತಾಳೆ. ಬಂದು ಕೂತ ತಕ್ಷಣ, ಬಾಚಣಿಗೆ ಕೈಗೆ ತಗೊಳ್ಳುವ ಮೊದಲೇ, ಹಿಂದಿನಿಂದ ಪ್ರಶ್ನೆ ಬರುತ್ತದೆ: ಕ್ಲಿನಿಕ್ಕಿಗೆ ಹೋಗಿದ್ಯಾ?